ಆರು ವಾರದ ನುಚ್ಚಕ್ಕಿ ಗಂಜಿ

ನನ್ನ ಹೆಂಡತಿ ಸ್ಕೂಟರಿನಿಂದ ಬಿದ್ದು ದವಡೆ ಮುರಿದುಕೊಂಡ ದಿನ ಬೆಳಿಗ್ಗೆ ನಾವಿಬ್ಬರೂ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ್ದೆವು. ಸಂಬಂಧಿಕರ ಮದುವೆಗೆ ಸೀರೆ ಕೊಳ್ಳಬೇಕಿತ್ತು. ಕಲಬುರಗಿಯ ಕುಸನೂರ ಕಡೆಯ ನಮ್ಮ ಮನೆಯಿಂದ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಆಟೋದಲ್ಲಿ ಹೋಗೋಣ ಎಂದು ಅವಳು, ಮನೆಯಲ್ಲಿ ಸ್ಕೂಟರ್ ಇರುವಾಗ ಆಟೋ ಯಾಕೆ ಎಂದು ನಾನು. ಕೊನೆಗೆ ನನ್ನ ಮಾತೇ ನಡೆಯಿತು. ಗೆದ್ದವನ ಉಮೇದಿನಲ್ಲಿ ಗಾಡಿ ಓಡಿಸುತ್ತಿದ್ದೆ. ಅವಳು ಹಿಂದೆ ಕೂತು ಎಂದಿನಂತೆ ದಾರಿಯಲ್ಲಿ ಕಂಡದ್ದನ್ನೆಲ್ಲ ನನಗೆ ಹೇಳುತ್ತಿದ್ದಳು. ಬಲಕ್ಕೆ ಎಮ್ಮೆ ಇದೆ, ಎದುರಿಗೆ ಟ್ರ್ಯಾಕ್ಟರ್ ಬರುತ್ತಿದೆ, ಹೀಗೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು ನಾನು. ಇನ್ನೊಬ್ಬರಿಗೆ ಹೇಳಿ ರೂಢಿಯಿತ್ತೇ ಹೊರತು ಹೇಳಿಸಿಕೊಂಡು ರೂಢಿಯಿರಲಿಲ್ಲ.

“ಮುಂದ ಹಂಪ್ ಅದ ರೀ, ಸಾವಕಾಶ ಹೋಗ್ರಿ,” ಎಂದಳು.

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಹಂಪ್ ನನಗೂ ಕಂಡಿತ್ತು. ನನಗೂ ಕಣ್ಣಿವೆ ಎಂದು ತೋರಿಸಬೇಕೆನ್ನಿಸಿತೋ ಏನೋ, ಬ್ರೇಕ್ ಹಿಡಿಯಬೇಕಾದ ಕೈ ಹಿಡಿಯಲಿಲ್ಲ. ಗಾಡಿ ಎಗರಿತು. ನಾನು ಹ್ಯಾಂಡಲ್ ಬಿಗಿಹಿಡಿದಿದ್ದರಿಂದ ಉಳಿದೆ. ಅವಳ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗು. ರಸ್ತೆಗೆ ಗದ್ದ ಊರಿ ಬಿದ್ದಳು.

ಕೆಳದವಡೆ ಎರಡು ಕಡೆ ಸೀಳಿತ್ತು. ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿನ ಸಾಲಿಗೂ ಕೆಳಗಿನ ಸಾಲಿಗೂ ಸಣ್ಣ ತಂತಿ ಸುತ್ತಿ, ಎರಡನ್ನೂ ಸೇರಿಸಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಕುಡಿಯುವುದೆಲ್ಲ ಹಲ್ಲಿನ ಸಂದಿಯಿಂದಲೇ ಒಳಗೆ ಹೋಗಬೇಕು. ಮನೆಗೆ ಕಳಿಸುವಾಗ ಡಾಕ್ಟರು ನನ್ನ ಕೈಗೆ ತಂತಿ ಕತ್ತರಿಸುವ ಸಣ್ಣ ಕಟರ್ ಒಂದನ್ನು ಕೊಟ್ಟರು. ವಾಂತಿಯಾಗಿಯೋ ಏನಾದರೂ ಸಿಕ್ಕಿಕೊಂಡೋ ಉಸಿರು ಕಟ್ಟಿದರೆ ಯಾವ ತಂತಿ ಕತ್ತರಿಸಬೇಕೆಂದು ತೋರಿಸಿಕೊಟ್ಟರು. ಅದನ್ನು ಅವಳ ಮಂಚದ ಪಕ್ಕದ ಮೊಳೆಗೆ ತೂಗುಹಾಕಿದೆ.

“ಹೆಂಗಾಯ್ತ್ರೀ ಸರ್ ಇದು?” ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು.

“ಹಂಪಿಗಿ ಬಿಳಿ ಪಟ್ಟಿ ಹೊಡ್ದಿದ್ದಿಲ್ರಿ. ಕಾಣ್ಲಿಲ್ಲ,” ಎಂದಿದ್ದೆ.

ಅವಳು ಪಕ್ಕದಲ್ಲೇ ಮಲಗಿದ್ದಳು. ಮುಖ ಊದಿಕೊಂಡು ಕಣ್ಣು ಅರ್ಧ ಮುಚ್ಚಿದ್ದವು. ಆ ಅರ್ಧ ಕಣ್ಣು ನನ್ನ ಕಡೆ ತಿರುಗಿ, ಆಮೇಲೆ ಛಾವಣಿಯ ಕಡೆ ಹೋದವು. ಅಂದಿನಿಂದ ಯಾರು ಕೇಳಿದರೂ ಅದೇ ಮಾತು ಹೇಳಿದೆ. ಪಕ್ಕದ ಮನೆಯವರಿಗೆ, ಹಳೆಯ ಸಹೋದ್ಯೋಗಿಗಳಿಗೆ, ಬೀದರಿನಿಂದ ಓಡಿ ಬಂದ ಮಗಳಿಗೆ. ಹೇಳುತ್ತ ಹೇಳುತ್ತ ಆ ಬಿಳಿ ಪಟ್ಟಿಯಿಲ್ಲದ ಹಂಪ್ ನನಗೇ ಕಾಣತೊಡಗಿತ್ತು.

ಹಲ್ಲು ಕಚ್ಚಿಕೊಂಡೇ ಅವಳು ನಾಲ್ಕು ಮಾತು ಆಡಬಹುದಿತ್ತು. ಆದರೆ ಆಡಿದರೆ ನೋವು. ಅದಕ್ಕಿಂತ ಹೆಚ್ಚಾಗಿ, ಜೊಲ್ಲು ಸೋರುತ್ತ ಗೊಣಗುವುದು ಅವಳಿಗೆ ನಾಚಿಕೆ. ಮಗಳು ಸೂಪರ್ ಮಾರ್ಕೆಟ್ಟಿನಿಂದ ಮಕ್ಕಳ ಪಾಟಿಯೊಂದನ್ನೂ ಬಳಪದ ಡಬ್ಬಿಯನ್ನೂ ತಂದುಕೊಟ್ಟಳು. ದಿನವಿಡೀ ಮಾತಾಡುತ್ತಿದ್ದ ಹೆಂಗಸು ಪಾಟಿಯ ಮೇಲೆ ಎರಡೆರಡು ಪದ ಬರೆಯತೊಡಗಿದಳು. ನೀರು. ಫ್ಯಾನ್ ಬಂದ್. ಹಾಲು ಬಂತಾ.

ಮಗಳು ಒಂದು ವಾರ ಇದ್ದಳು. ಅವಳ ಮಕ್ಕಳಿಗೆ ಪರೀಕ್ಷೆ, ಹೋಗಲೇಬೇಕಿತ್ತು. ಹೋಗುವ ಮುಂಚೆ, “ಅಪ್ಪಾ, ಅಡಗಿಗಿ ಯಾರ್ನರ ಇಡೂನು?” ಎಂದಳು. ಬೇಡ, ನಾನೇ ಮಾಡುತ್ತೇನೆ ಎಂದೆ. ಅವಳು ನಂಬಲಿಲ್ಲ. ಅಲ್ಲಿಯವರೆಗೆ ನಾನು ಅಡುಗೆಮನೆಯಲ್ಲಿ ಚಹಾ ಬಿಟ್ಟರೆ ಏನನ್ನೂ ಕಾಯಿಸಿದವನಲ್ಲ. ಆದರೆ ಬೇರೆಯವರ ಕೈಯಿಂದ ಅವಳಿಗೆ ಉಣಿಸುವುದು ನನಗೆ ಆಗದ ಮಾತಾಗಿತ್ತು. ಕಾರಣ ನನಗೆ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ.

ಮೊದಲ ದಿನ ಮನೆಯಲ್ಲಿದ್ದ ಒಳ್ಳೆಯ ಸೋನಾ ಮಸೂರಿ ಅಕ್ಕಿಯನ್ನು ಕುಕ್ಕರಿಗೆ ಹಾಕಿ, ಆರು ಸೀಟಿ ಕೂಗಿಸಿ, ಮಿಕ್ಸರಿನಲ್ಲಿ ತಿರುವಿದೆ. ಅದು ಗೋಡೆಗೆ ಪೋಸ್ಟರ್ ಹಚ್ಚುವ ಅಂಟಿನಂತಾಯಿತು. ನೀರು ಹಾಕಿದೆ. ನೀರು ಬೇರೆ, ಗಂಟು ಬೇರೆ. ನಳಿಗೆಯಲ್ಲಿ ಎರಡು ಸಲ ಎಳೆದು ಅವಳು ಬಟ್ಟಲು ಸರಿಸಿದಳು. ಪಾಟಿ ತೆಗೆದುಕೊಂಡು ಬರೆದಳು: ‘ಅಕ್ಕಾರಿಗಿ ಫೋನ್ ಮಾಡ್ರಿ.’

ಅಕ್ಕ ಎಂದರೆ ನನ್ನ ಸ್ವಂತ ಅಕ್ಕ. ಕಮಲಾಪುರಕ್ಕೆ ಕೊಟ್ಟಿದ್ದು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಅವಳೂ ಭಾವನೂ ಖಾನಾವಳಿ ನಡೆಸುತ್ತಿದ್ದರು. ಭಾವ ತೀರಿಕೊಂಡ ಮೇಲೂ ಅವಳು ಒಲೆ ಆರಿಸಲಿಲ್ಲ. ಈಗ ಸೊಸೆ ರೊಟ್ಟಿ ಬಡಿಯುತ್ತಾಳೆ, ಅಕ್ಕ ಕೂತಲ್ಲಿಂದಲೇ ಎಲ್ಲ ನೋಡಿಕೊಳ್ಳುತ್ತಾಳೆ. ಫೋನ್ ಮಾಡಿದ ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದಳು. ಒಂದು ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲ.

ಚೀಲ ಬಿಚ್ಚಿದರೆ ನುಚ್ಚಕ್ಕಿ.

ಅದನ್ನು ನೋಡಿದ ಕೂಡಲೇ ನನಗೆ ಒಂದು ಹಳೆಯ ಮಧ್ಯಾಹ್ನ ನೆನಪಾಯಿತು. ಮದುವೆಯಾದ ಹೊಸತು. ಹೇಳದೆ ಕೇಳದೆ ಹೆಂಡತಿಯನ್ನು ಕರೆದುಕೊಂಡು ಕಮಲಾಪುರಕ್ಕೆ ಹೋಗಿದ್ದೆ. ಮೂರು ಗಂಟೆ ದಾಟಿತ್ತು, ಖಾನಾವಳಿಯ ಅನ್ನ ಮುಗಿದಿತ್ತು. ಅಕ್ಕ ಒಳಗಿನಿಂದ ಸಣ್ಣ ಬೋಗಾಣಿ ತಂದು, ತಮಗೆಂದು ಇಟ್ಟುಕೊಂಡಿದ್ದ ನುಚ್ಚಿನ ಅನ್ನವನ್ನು ನಮಗೆ ನೀಡಿದಳು, ಮೇಲೆ ಪುಂಡಿಪಲ್ಯ. ನಾನು ತಟ್ಟೆ ನೋಡಿ, “ಇದೇನಕ್ಕಾ, ಕೋಳಿಗಿ ಹಾಕೂದು ನಮ್ಗ ನೀಡ್ಲಾಕತ್ತಿ?” ಎಂದು ನಕ್ಕೆ. ನಕ್ಕವನು ನಾನೊಬ್ಬನೇ. ಭಾವ ನೀರಿನ ತಂಬಿಗೆ ನೋಡುತ್ತ ಕೂತರು. ನನ್ನ ಹೊಸ ಹೆಂಡತಿ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ತಟ್ಟೆ ಖಾಲಿ ಮಾಡಿ, “ಅಕ್ಕಾರ, ಇನ್ನಷ್ಟು ನೀಡ್ರಿ,” ಎಂದು ಕೈ ಚಾಚಿದಳು.

ಆ ದಿನ ನನಗೆ ತಿಳಿಯದೆ ಇದ್ದದ್ದು ಇದು. ಖಾನಾವಳಿಗೆ ಬರುವ ಅಕ್ಕಿಯನ್ನು ಅಕ್ಕ ಸಾಣಿಗೆ ಹಿಡಿಯುತ್ತಿದ್ದಳು. ಮೇಲೆ ನಿಂತ ಇಡೀ ಕಾಳು ಗಿರಾಕಿಗಳಿಗೆ, ಕೆಳಗೆ ಉದುರಿದ ನುಚ್ಚು ಮನೆಯವರಿಗೆ. ಬಿಡಿಬಿಡಿಯಾದ ಅನ್ನ ಕಾಣದಿದ್ದರೆ ಊಟಕ್ಕೆ ಬಂದವರು ಮುಖ ಸಿಂಡರಿಸುತ್ತಾರೆ ಎಂದು. ಹಾಗೆ ವರ್ಷಾನುಗಟ್ಟಲೆ ಅವಳ ಮಕ್ಕಳು ನುಚ್ಚುಂಡು ಬೆಳೆದರು. ಇದನ್ನು ಅವಳು ಕಷ್ಟವೆಂದು ನನ್ನ ಹತ್ತಿರ ಒಮ್ಮೆಯೂ ಹೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

ಅಕ್ಕ ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆದಳು. ನಾನು ನೋಟುಬುಕ್ಕು ಪೆನ್ನು ಹಿಡಿದು ಹಿಂದೆ ಹೋದೆ.

“ಇದ್ಯಾಕ?” ಎಂದಳು.

“ಬರ್ಕೋತೀನಿ. ಅಕ್ಕಿ ಎಷ್ಟ, ನೀರ ಎಷ್ಟ, ಹೇಳು.”

“ಮೊದಲ ತೊಳ್ಯೂದು ಕಲಿ. ಆಮ್ಯಾಲ ಲೆಕ್ಕ.”

ನುಚ್ಚು ತೊಳೆಯುವುದು ಅಕ್ಕಿ ತೊಳೆದಂತಲ್ಲ. ಇಡೀ ಅಕ್ಕಿಯಾದರೆ ಪಾತ್ರೆ ಬಗ್ಗಿಸಿದಾಗ ಕಾಳು ತಳದಲ್ಲಿ ನಿಲ್ಲುತ್ತದೆ. ನುಚ್ಚು ನೀರಿನ ಜೊತೆಗೇ ಹೊರಟುಬಿಡುತ್ತದೆ. ಹೊಟ್ಟು, ಹಿಟ್ಟು, ಧೂಳು ಎಲ್ಲ ತೇಲಿ ಬರುವವರೆಗೆ ಕಾದು, ಅಂಗೈ ಅಡ್ಡ ಹಿಡಿದು ನಿಧಾನ ಬಗ್ಗಿಸಬೇಕು. ನಾಲ್ಕು ನೀರು ತೊಳೆದ ಮೇಲೂ ಬಿಳಿ ಬರುತ್ತಲೇ ಇತ್ತು. ಸಾಕು ಬಿಡು, ಪೂರ್ತಿ ತಿಳಿಯಾದರೆ ಗಂಜಿಗೆ ಜಿಗಿ ಉಳಿಯುವುದಿಲ್ಲ ಎಂದಳು ಅಕ್ಕ. ಹತ್ತು ನಿಮಿಷ ನೆನೆಹಾಕಿದಳು. ನೀರು ಕುದಿ ಬಂದ ಮೇಲೆ ನುಚ್ಚು ಸುರಿದು, ಉರಿ ಸಣ್ಣ ಮಾಡಿ, ಸೌಟು ನನ್ನ ಕೈಗೆ ಕೊಟ್ಟಳು.

“ತಿರವ್ಕೋತ ನಿಂದ್ರು. ಬಿಟ್ಟಿ ಅಂದ್ರ ತಳ ಹತ್ತದ.”

“ಎಷ್ಟೊತ್ತು?”

“ಕಾಳು ಕಾಣ್ದಂಗ ಆಗೂತನ.”

ನಿಂತೆ. ಇಡೀ ಅಕ್ಕಿಯ ಕಾಳು ಬೇಯುವಾಗ ತನ್ನ ಆಕಾರ ಬಿಡಲು ಹಟ ಮಾಡುತ್ತದೆ. ನುಚ್ಚಿಗೆ ಅಂಥ ಹಟವಿಲ್ಲ. ಎಲ್ಲ ಕಡೆಯಿಂದ ಒಡೆದದ್ದು, ನೀರು ಒಳಗೆ ಹೋಗಲು ದಾರಿ ಹಲವಾರು. ಹತ್ತು ಹದಿನೈದು ನಿಮಿಷದಲ್ಲಿ ಕರಗಿ ಹಾಲಿನ ಬಣ್ಣಕ್ಕೆ ಬಂತು. ಅಕ್ಕ ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಉಪ್ಪು ಹಾಕಿ, ಒಂದು ಚಮಚ ತುಪ್ಪ ಬಿಟ್ಟು, ಬೆರಳಿನಿಂದ ಬಿಸಿ ನೋಡಿ ಹೆಂಡತಿಗೆ ಕೊಟ್ಟಳು. ಅವಳು ನಳಿಗೆಯಿಂದ ಎಳೆದಳು. ನಿಲ್ಲಿಸದೆ ಎಳೆದಳು. ಬಟ್ಟಲು ತಳ ಕಂಡಾಗ ಗರ್ ಎಂದು ಸದ್ದಾಯಿತು. ನಮ್ಮ ಮನೆಯಲ್ಲಿ ಮಕ್ಕಳು ಹಾಗೆ ಸದ್ದು ಮಾಡಿದರೆ ಬೈಯುತ್ತಿದ್ದವಳು ಅವಳೇ.

ಅಕ್ಕ ಎರಡು ದಿನ ಇದ್ದು ಹೋದಳು. ಮೂರನೆಯ ದಿನದಿಂದ ನಾನೊಬ್ಬನೇ. ಒಂದು ಸಲ ತಳ ಹೊತ್ತಿಸಿದೆ. ಇನ್ನೊಂದು ಸಲ, ಬಿಸಿಯಿದ್ದಾಗ ತೆಳ್ಳಗಿದ್ದ ಗಂಜಿ ಆರಿದ ಮೇಲೆ ಗಟ್ಟಿಯಾಗಿ ನಳಿಗೆಗೆ ಏರಲೇ ಇಲ್ಲ. ಕೊನೆಗೆ ನನ್ನ ನೋಟುಬುಕ್ಕಿನಲ್ಲಿ ಒಂದು ಅಳತೆ ಕೂತಿತು. ನುಚ್ಚು ಒಂದು ಬಟ್ಟಲಾದರೆ ನೀರು ಹತ್ತು, ಆರುವ ಹೊತ್ತಿಗೆ ಇನ್ನೊಂದು ಬಿಸಿನೀರು. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, “ನಾ ಎಂದೂ ಎಣಿಸಿಲ್ಲಪ್ಪಾ,” ಎಂದಳು.

ಎರಡನೆಯ ವಾರ ಆಸ್ಪತ್ರೆಗೆ ಹೋದಾಗ ಹೆಂಡತಿಯ ತೂಕ ಇಳಿದಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಹಾರದ ಸಲಹೆ ಕೊಡುವ ಹುಡುಗಿಯೊಬ್ಬಳ ಹತ್ತಿರ ಕಳಿಸಿದರು. ನನ್ನ ಮಗಳಿಗಿಂತ ಚಿಕ್ಕವಳು. ನಾನು ಹೆಮ್ಮೆಯಿಂದ ದಿನಕ್ಕೆ ಐದು ಸಲ ಗಂಜಿ ಕೊಡುತ್ತೇನೆ ಎಂದೆ.

“ಗಂಜಿ ಒಂದೇನಾ ಸರ್?”

“ಗಂಜಿ, ಹಾಲು.”

ಅವಳು ಬೈಯಲಿಲ್ಲ. ಚಿಕ್ಕ ತರಗತಿಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಅಕ್ಕಿ ಒಡೆದು ನುಚ್ಚಾದರೆ ಅದರೊಳಗಿನದು ಕಡಿಮೆಯಾಗುವುದಿಲ್ಲ. ಕೀಳು ಅಂತ ತಿಳಿಯಬೇಡಿ. ಆದರೆ ಅಕ್ಕಿಯಲ್ಲೇ ಇಲ್ಲದ್ದು ನುಚ್ಚಿನಲ್ಲಿ ಎಲ್ಲಿಂದ ಬರಬೇಕು? ಗಂಜಿ ನಡೆದಾಡಲು ಕಸುವು ಕೊಡುತ್ತದೆ. ಎಲುಬು ಕೂಡಿಕೊಳ್ಳಲು, ಗಾಯ ಮಾಯಲು ಬೇಳೆ ಬೇಕು, ಹಾಲು ಮೊಸರು ಬೇಕು, ಶೇಂಗಾ ಬೇಕು. ಎರಡು ಪಾಲು ನುಚ್ಚಿಗೆ ಒಂದು ಪಾಲು ಹೆಸರುಬೇಳೆ ಹಾಕಿ ಕುದಿಸಿರಿ. ಶೇಂಗಾ ನೆನೆಹಾಕಿ, ನುಣ್ಣಗೆ ರುಬ್ಬಿ, ಕುದಿಸಿ ಸೋಸಿರಿ. ಗಜ್ಜರಿ, ಕುಂಬಳಕಾಯಿ ಬೇಯಿಸಿದ ನೀರು ಚೆಲ್ಲಬೇಡಿ, ಗಂಜಿಗೇ ಹಾಕಿರಿ. ಬಾಳೆಹಣ್ಣು ಹಾಲಿನಲ್ಲಿ ತಿರುವಿರಿ.

ಆಮೇಲೆ ನನ್ನ ಅಡುಗೆಮನೆಗೆ ಬೇರೆಯೇ ಕಳೆ ಬಂತು. ಬೆಳಿಗ್ಗೆ ಹೆಸರುಬೇಳೆ ಹಾಕಿದ ನುಚ್ಚಿನ ಗಂಜಿ, ಜೀರಿಗೆ ಹುರಿದು ಪುಡಿ ಮಾಡಿ ಹಾಕಿದ್ದು. ಹತ್ತು ಗಂಟೆಗೆ ಕೆಂಪು ಬಾಳೆಹಣ್ಣಿನ ಹಾಲು. ಮಧ್ಯಾಹ್ನ ಗಜ್ಜರಿಯ ನೀರಿನಲ್ಲಿ ಬೇಯಿಸಿದ ನುಚ್ಚು, ಮಜ್ಜಿಗೆ ಬೆರೆಸಿ. ಸಂಜೆ ಶೇಂಗಾ ಹಾಲಿಗೆ ಬೆಲ್ಲ. ಪ್ರತಿಯೊಂದನ್ನೂ ಬಟ್ಟೆಯಲ್ಲಿ ಎರಡು ಸಲ ಸೋಸುವುದು. ಒಮ್ಮೆ ಕುಡಿದಾದ ಮೇಲೆ ಸಿರಿಂಜಿನಿಂದ ಉಪ್ಪುನೀರು ಬಿಟ್ಟು ತಂತಿಯ ಸಂದಿ ತೊಳೆಯುವುದು. ಇದೆಲ್ಲ ಮುಗಿಯುವಷ್ಟರಲ್ಲಿ ಮುಂದಿನದರ ಹೊತ್ತು ಬಂದಿರುತ್ತಿತ್ತು. ಅವಳು ನಮ್ಮ ಮದುವೆಯಾದಾಗಿನಿಂದ ಹೀಗೆಯೇ ಒಂದರ ಹಿಂದೆ ಒಂದು ಮಾಡುತ್ತ ಬಂದಿದ್ದಳೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕಾಲು ನೋಯುತ್ತದೆ ಎಂಬುದು ಗೊತ್ತಿರಲಿಲ್ಲ.

ಸೋಸಿದ ಮೇಲೆ ಬಟ್ಟೆಯಲ್ಲಿ ಮೆತ್ತನೆಯ ನುಚ್ಚು ಉಳಿಯುತ್ತಿತ್ತು. ಅದನ್ನು ಚೆಲ್ಲಲು ಮನಸ್ಸಾಗದೆ ಉಪ್ಪಿನಕಾಯಿ ಹಚ್ಚಿಕೊಂಡು ನಾನೇ ಉಣ್ಣುತ್ತಿದ್ದೆ. ಮೊದಮೊದಲು ಚೆಲ್ಲಬಾರದೆಂದು, ಆಮೇಲೆ ರುಚಿ ಹತ್ತಿ. ರೊಟ್ಟಿ ಬಡಿಯುವುದು ನನ್ನಿಂದ ಆಗದ ಕೆಲಸ. ನುಚ್ಚು ಮಾತ್ರ ನನ್ನ ಕೈ ಹಿಡಿದಿತ್ತು. ಮೂರು ಹೊತ್ತೂ ಅದೇ. ಒಣ ನುಚ್ಚನ್ನು ಹುರಿದು ಉಪ್ಪಿಟ್ಟು ಮಾಡುವುದನ್ನೂ ಕಲಿತೆ. ನನಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಆ ದಿನಗಳಲ್ಲಿ ನೆನೆಸಿಕೊಳ್ಳಲೇ ಇಲ್ಲ.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಅವಸರಕ್ಕೆ ಗಂಜಿಯನ್ನು ಒಂದೇ ಸಲ ಸೋಸಿ ಕೊಟ್ಟೆ. ಅವಳು ಎರಡು ಗುಟುಕು ಎಳೆದು ನಿಲ್ಲಿಸಿದಳು. ಬೇಳೆಯ ಚೂರೋ ಏನೋ ಒಳಗೆ ಹೋಗಿ ಗಂಟಲಲ್ಲಿ ಸಿಕ್ಕಿತ್ತು. ಕೆಮ್ಮು ಬಂತು. ಬಾಯಿ ತೆರೆಯುವಂತಿಲ್ಲದ ಕೆಮ್ಮು ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂದವು, ಮೂಗಿನಿಂದ ಗಂಜಿ ಬಂತು. ಮೊಳೆಯಿಂದ ಕಟರ್ ಕಿತ್ತುಕೊಂಡೆ. ಡಾಕ್ಟರು ತೋರಿಸಿದ ತಂತಿ ಯಾವುದು ಎಂಬುದೇ ಮರೆತುಹೋಗಿತ್ತು. ಅವಳು ಕೈಯಾಡಿಸಿ ಬೇಡವೆಂದಳು. ಮಂಚದ ಅಂಚಿಗೆ ಬಂದು, ತಲೆ ಮೊಣಕಾಲಿನವರೆಗೆ ಬಗ್ಗಿಸಿ ಕೂತಳು. ಹಲ್ಲಿನ ಸಂದಿಯಿಂದ ಎಲ್ಲ ನೆಲಕ್ಕೆ ಸೋರಿತು. ಒಂದು ಉದ್ದನೆಯ ಉಸಿರು. ಇನ್ನೊಂದು. ನಾನು ಬೆನ್ನು ಸವರುತ್ತಿದ್ದೆ. ಸವರುತ್ತಿದ್ದ ಕೈಯಲ್ಲಿ ಇನ್ನೂ ಕಟರ್ ಇತ್ತು.

ಸಮಾಧಾನವಾದ ಮೇಲೆ ಪಾಟಿ ತೆಗೆದುಕೊಂಡು ಬರೆದಳು: ‘ಎರಡ ಸಲ ಸೋಸ್ರಿ.’

ಅಷ್ಟೇ. ನಾನು ನೆಲ ಒರೆಸಿ, ಅಡುಗೆಮನೆಗೆ ಹೋಗಿ, ಉಳಿದ ಗಂಜಿಯನ್ನು ಇನ್ನೊಮ್ಮೆ ಸೋಸಿದೆ. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು, ಪಕ್ಕದ ಮನೆಯ ಹೆಣ್ಣುಮಗಳನ್ನು ಅವಳ ಹತ್ತಿರ ಕೂರಿಸಿ ಕಮಲಾಪುರಕ್ಕೆ ಹೊರಟೆ. ಮನೆಯಲ್ಲಿ ನುಚ್ಚು ಮುಗಿದಿತ್ತು. ಕಲಬುರಗಿಯ ಕಿರಾಣಿ ಅಂಗಡಿಗಳಲ್ಲೂ ಸಿಗುತ್ತಿತ್ತು, ಹೋಗಲೇಬೇಕೆಂದೇನೂ ಇರಲಿಲ್ಲ. ಆದರೂ ಬಸ್ ಹತ್ತಿದೆ. ಕಿಟಕಿಯಾಚೆ ತೊಗರಿ ಹೊಲ ಹೂವಾಗಿ ಹಳದಿ ಹಳದಿಯಾಗಿತ್ತು. ಬಸ್ಸು ಹಂಪ್ ದಾಟುವಾಗಲೆಲ್ಲ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಅಕ್ಕ ಖಾನಾವಳಿಯ ಹಿಂದಿನ ಪಡಸಾಲೆಯಲ್ಲಿ ಕೂತು ಅಕ್ಕಿ ಸಾಣಿಗೆ ಹಿಡಿಯುತ್ತಿದ್ದಳು. ಮುಂದೆ ಊಟದ ಗದ್ದಲ, ಸೊಸೆ ರೊಟ್ಟಿ ಬಡಿಯುವ ಸದ್ದು. ನಾನು ಎದುರಿಗೆ ಕೂತೆ. ಅವಳು ಅಕ್ಕಿಯಿದ್ದ ಒಂದು ಮೊರ ನನ್ನ ಕಡೆ ತಳ್ಳಿ, “ಹಳ್ಳ ಆರಸು,” ಎಂದಳು. ನಾನು ಅಕ್ಕಿಯೊಳಗಿನ ಕಲ್ಲು ಹೆಕ್ಕುತ್ತ, ಅವಳು ಸಾಣಿಗೆ ಆಡಿಸುತ್ತ ಕೂತೆವು.

“ಅಕ್ಕಾ,” ಎಂದೆ ಕೊನೆಗೆ. “ಆ ಹಂಪ್ ನಂಗ ಕಂಡಿತ್ತು. ಅಕಿ ಹೇಳಿದ್ಳು, ಸಾವಕಾಶ ಹೋಗ್ರಿ ಅಂತ. ಕೇಳಿತ್ತು. ಬೇಕಂತನೇ ಬ್ರೇಕ್ ಹಾಕ್ಲಿಲ್ಲ.”

ಸಾಣಿಗೆ ನಿಲ್ಲಲಿಲ್ಲ. “ಗೊತ್ತದ,” ಎಂದಳು.

“ಗೊತ್ತದ? ಯಾರ್ ಹೇಳ್ಯಾರ?”

“ನಿನ್ ಹೇಣ್ತಿ. ನಾ ಬಂದ ದಿನಾನೇ. ನೀ ಹಾಲ್ ತರ್ಲಾಕ ಹೋಗಿದ್ದಿ. ಪಾಟಿ ಮ್ಯಾಲ ಬರ್ದು ತೋರಿಸಿದ್ಳು. ನಾ ಓದಿ ಮುಗಸೂದ್ರಾಗ ವರಸಿಬಿಟ್ಳು.”

ನನ್ನ ಕೈ ಅಕ್ಕಿಯಲ್ಲೇ ನಿಂತಿತು. “ಮತ್ತೇನ್ ಬರ್ದಿದ್ಳು?”

“‘ಅವ್ರೇ ಹೇಳ್ತಾರ, ನೀವು ಕೇಳಬ್ಯಾಡ್ರಿ’ ಅಂತ.” ಅಕ್ಕ ಸಾಣಿಗೆಯನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು. “ಮೂರ ವಾರ ಆಗ್ಲಾಕ ಬಂತು ತಮ್ಮಾ. ನೀ ಹೇಳ್ತಿಯೋ ಇಲ್ಲೋ ಅಂತ ನಾ ಕಾಯ್ಲಾಕತ್ತಿದ್ದೆ. ನಂಗ ಹೇಳಿ ಏನ್ ಮಾಡ್ತಿ? ಅಕಿ ಮುಂದ ಹೇಳು, ಹೋಗು.”

ಊಟ ಮಾಡಿಸದೆ ಬಿಡಲಿಲ್ಲ. ನುಚ್ಚಿನ ಅನ್ನವೇ ಇತ್ತು, ಬೇಳೆ, ಹಸಿ ಉಳ್ಳಾಗಡ್ಡಿ. ಈಗಲೂ ಯಾಕೆ ನುಚ್ಚು ಉಣ್ಣುತ್ತೀ, ಈಗೇನು ಕಡಿಮೆಯಾಗಿದೆ ಎಂದು ಕೇಳಿದೆ. ರೂಢಿಯಾಗಿದೆ, ಹಲ್ಲೂ ಹೋಗಿವೆ, ಇಡೀ ಅಕ್ಕಿಯ ಅನ್ನ ಈಗ ಸೇರುವುದಿಲ್ಲ ಎಂದಳು. ನಾನು ಎರಡು ಸಲ ನೀಡಿಸಿಕೊಂಡೆ. ಬಹಳ ಹಿಂದೆ ಕೋಳಿಯ ಮಾತಾಡಿದ್ದಕ್ಕೆ ತಪ್ಪಾಯಿತು ಎನ್ನಬೇಕೆಂದುಕೊಂಡೆ. ಅದು ಅವಳಿಗೆ ನೆನಪಿದೆಯೋ ಇಲ್ಲವೋ ತಿಳಿಯದೆ, ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ನುಚ್ಚಿನ ಚೀಲ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಹಂಪ್ ಕಂಡದ್ದು, ಮಾತು ಕೇಳಿಸಿದ್ದು, ಬ್ರೇಕ್ ಹಾಕದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು. ಅವಳು ಪೂರ್ತಿ ಕೇಳಿದಳು. ಪಾಟಿ ತೊಡೆಯ ಮೇಲೇ ಇತ್ತು, ಮುಟ್ಟಲಿಲ್ಲ. ಹಲ್ಲು ಕಚ್ಚಿಕೊಂಡೇ, ಒಂದೊಂದೇ ಪದ ಒತ್ತಿ ಹೇಳಿದಳು.

“ನಂಗ್ಯಾಕ ಹೇಳ್ತೀರಿ? ನಾ ಹಿಂದೇ ಕೂತಿದ್ದೆ. ಮಗಳಿಗಿ ಹೇಳ್ರಿ.”

ಅಲ್ಲೇ ನಿಂತು ಬೀದರಿಗೆ ಫೋನ್ ಹಚ್ಚಿದೆ. ಅವಳ ಮುಂದೆಯೇ ಹೇಳಿದೆ. “ಅವ್ವ ಸತ್ತಿದ್ರ?” ಎಂದಳು ಮಗಳು. ಫೋನ್ ಇಟ್ಟಳು. ಆಮೇಲೆ ಹತ್ತು ಹನ್ನೆರಡು ದಿನ ನನ್ನ ಕರೆ ಎತ್ತಲಿಲ್ಲ. ತಾಯಿಗೆ ಮಾತ್ರ ದಿನಾ ಮೆಸೇಜು ಕಳಿಸುತ್ತಿದ್ದಳು. ಅದು ನನಗೆ ಬರಬೇಕಾದದ್ದೇ ಎಂದು ಗೊತ್ತಿದ್ದರೂ ಫೋನ್ ಸದ್ದಾದಾಗಲೆಲ್ಲ ಅಡುಗೆಮನೆಯಿಂದ ಹಣಿಕಿ ನೋಡುತ್ತಿದ್ದೆ. ಪಕ್ಕದ ಮನೆಯವರಿಗೂ ಹೇಳಿದೆ. ಮುಂದಿನ ಸಲ ಡಾಕ್ಟರಿಗೂ ಹೇಳಿದೆ. ಅವರು ಫೈಲ್ ನೋಡುತ್ತ, “ಹೌದ್ರಿ, ಇರ್ಲಿ,” ಎಂದರು. ಅವರಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ.

ಆರು ವಾರಕ್ಕೆ ತಂತಿ ಬಿಚ್ಚಿದರು. ಬಾಯಿ ಒಂದು ಬೆರಳು ಹೋಗುವಷ್ಟೇ ತೆರೆಯಿತು. ಇನ್ನೂ ಕೆಲವು ದಿನ ಅಗಿಯಬೇಡಿ, ನಾಲಿಗೆಯಿಂದ ಒತ್ತಿ ನುಂಗುವಂಥದ್ದು ಕೊಡಿ ಎಂದರು. ಮನೆಗೆ ಬಂದು ನುಚ್ಚಿನ ಅನ್ನವನ್ನು ಮೆತ್ತಗೆ ಮಾಡಿ, ಮಜ್ಜಿಗೆ ಕಲಸಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟು, ಸಣ್ಣ ಚಮಚದ ಜೊತೆ ಮುಂದಿಟ್ಟೆ. ನನ್ನ ಕೈಯ ಅತ್ಯುತ್ತಮ ಅಡುಗೆ ಅದೇ ಎಂದು ಈಗಲೂ ಅನ್ನಿಸುತ್ತದೆ. ಅವಳು ಮೂರು ಚಮಚ ತಿಂದಳು. ನಾಲ್ಕನೆಯದನ್ನು ಬಾಯಿಯ ಹತ್ತಿರ ತಂದು ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು.

“ನೋಯ್ತದನು?” ಎಂದೆ.

“ಇಲ್ಲ. ಇದರ ವಾಸನಿ ಬ್ಯಾಡಾಗ್ಯದ ರೀ. ಹೊಟ್ಟಿ ತೊಳಸ್ತದ.” ಆರು ವಾರದ ನಂತರ ಬಾಯಿ ತೆರೆದು ಅವಳಾಡಿದ ಮೊದಲ ಪೂರ್ತಿ ಮಾತುಗಳು ಇವು. “ಇನ್ನ ಮುಂದ ನಂಗ ನುಚ್ಚು ತೋರಿಸಬ್ಯಾಡ್ರಿ.”

ತಟ್ಟೆ ತೆಗೆದುಕೊಂಡು ಹೋಗಿ ಅದನ್ನೂ ನಾನೇ ಉಂಡೆ. ಅವಳಿಗೆ ರವೆಯ ಗಂಜಿ ಕಾಯಿಸಿದೆ.

ಅದೇ ವಾರ ನನ್ನ ರಕ್ತಪರೀಕ್ಷೆಯ ಕಾಗದ ನೋಡಿ ಅದೇ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ನೋಡುವ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಏನು ತಿನ್ನುತ್ತಿದ್ದೀರಿ ಎಂದರು. ಹೇಳಿದೆ. ಮತ್ತೆ ಅದೇ ಆಹಾರದ ಹುಡುಗಿಯ ಹತ್ತಿರ ಕಳಿಸಿದರು. ಈ ಸಲ ಅವಳು ನಕ್ಕಳು. “ಅಮ್ಮಾರಿಗಿ ಹೇಳಿದ್ದು ನೀವ್ಯಾಕ ಉಂಡ್ರಿ ಸರ್?” ನುಚ್ಚು ಅಗಿಯುವ ಕೆಲಸವಿಲ್ಲದೆ ಕರಗಿ ಇಳಿಯುತ್ತದೆ ಎಂಬುದೇ ಹೆಂಡತಿಗೆ ಅನುಕೂಲವಾಗಿತ್ತು. ಅಷ್ಟೇ ಬೇಗ ರಕ್ತಕ್ಕೆ ಸೇರುತ್ತದೆ ಎಂಬುದೇ ನನಗೆ ಕೇಡಾಗಿತ್ತು. ಒಂದೇ ಬೋಗಾಣಿಯಿಂದ ಒಬ್ಬಳಿಗೆ ಗುಣ, ಇನ್ನೊಬ್ಬನಿಗೆ ರೋಗ. ನುಚ್ಚಕ್ಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಯಾರಾದರೂ ಕೇಳಿದರೆ, ಉಣ್ಣುವವರು ಯಾರು ಎಂದು ಮೊದಲು ಕೇಳುತ್ತೇನೆ. ಪೂರ್ತಿ ಬಿಡಬೇಡಿ, ಕಡಿಮೆ ಮಾಡಿ, ಜೊತೆಗೆ ಬೇಳೆ ಪಲ್ಯ ಜಾಸ್ತಿ ಇರಲಿ, ಮೊದಲಿನಂತೆ ಜೋಳದ ರೊಟ್ಟಿಗೆ ಹೋಗಿ ಎಂದಳು ಆ ಹುಡುಗಿ. ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ ತಲೆಯಾಡಿಸಿ ಬಂದೆ.

ರೊಟ್ಟಿ ಕಲಿಸಿದ್ದು ಹೆಂಡತಿ. ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಬಡಿಯುವುದು. ಮಾತು ಬಂದಿತ್ತಲ್ಲ, ಆರು ವಾರದ್ದನ್ನೆಲ್ಲ ಬಡ್ಡಿಸಮೇತ ಆಡಿದಳು. ನೀರು ಹೆಚ್ಚಾಯಿತು, ಅಂಚು ಒಡೆಯಿತು, ಹಂಚು ಕಾದಿಲ್ಲ, ಈಗ ತಿರುವಿ ಹಾಕ್ರಿ. ನಾನು ಅವಳು ಹೇಳಿದಾಗ ತಿರುವಿ ಹಾಕುತ್ತಿದ್ದೆ.

ಮಕ್ಕಳಿಗೆ ರಜೆ ಸಿಕ್ಕ ಮೇಲೆ ಮಗಳು ಬಂದಳು. ಮೊದಲ ದಿನ ನನ್ನೊಂದಿಗೆ ಬೇಕಾದಷ್ಟೇ ಮಾತು. ಎರಡನೆಯ ದಿನ ನಾನು ಬಡಿದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, “ಇದು ಯಾವ ದೇಶದ ನಕ್ಷಿ ಅಪ್ಪಾ?” ಎಂದಳು. ಅವಳ ತಾಯಿ ನಗಲು ಹೋಗಿ ದವಡೆ ಹಿಡಿದುಕೊಂಡಳು.

ಈಗ ವರ್ಷದ ಮೇಲಾಯಿತು. ಭಾನುವಾರ ಮತ್ತು ಗುರುವಾರ ಅಡುಗೆ ನನ್ನದು. ಅವಳು ಎಲ್ಲವನ್ನೂ ಉಣ್ಣುತ್ತಾಳೆ, ಖಡಕ್ ರೊಟ್ಟಿಯೊಂದನ್ನು ಬಿಟ್ಟು. ಅಗಿಯುವಾಗ ದವಡೆಯ ಎಡಮೂಲೆಯಲ್ಲಿ ಟಕ್ ಎಂದು ಸಣ್ಣ ಸದ್ದಾಗುತ್ತದೆ. ಡಾಕ್ಟರು ಅದು ಹಾಗೇ ಉಳಿಯಬಹುದು ಎಂದಿದ್ದಾರೆ. ಮೊದಮೊದಲು ಆ ಸದ್ದಿಗೆ ನಾನು ತಲೆ ಎತ್ತುತ್ತಿದ್ದೆ. ಒಂದು ದಿನ ಅವಳು, “ನನ್ ಬಾಯಿ ನೋಡ್ಬ್ಯಾಡ್ರಿ, ನಿಮ್ ತಾಟು ನೋಡ್ಕೊಂಡು ಉಣ್ರಿ,” ಎಂದಳು. ಈಗ ತಲೆ ಎತ್ತುವುದಿಲ್ಲ. ರೊಟ್ಟಿ ಮುರಿದು ಬಿಸಿ ಬೇಳೆಯಲ್ಲಿ ಅದ್ದಿ, ಮೆತ್ತಗಾಗುವವರೆಗೆ ಬಿಟ್ಟು, ಅವಳ ತಾಟಿನ ಅಂಚಿಗೆ ಇಡುತ್ತೇನೆ. ಅವಳು ತೆಗೆದುಕೊಳ್ಳುತ್ತಾಳೆ.